ಪರದೆಯ ಮೇಲಿನ ಫೋಟೊ ಓಡಬೇಕೆ, ನಿಲ್ಲಬೇಕೆ?

ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೊರಟರೆ ತುಂಗಭದ್ರೆಯ ಸೇತುವೆ ದಾಟುವ ಮೊದಲು ಸಿಗುವ ಊರು ದಢೇಸುಗೂರು. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಒಂದು ಕೃಷಿ ಸಂಶೋಧನಾ ಕೇಂದ್ರ ಇಲ್ಲಿದೆ. ಸುತ್ತಲೂ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಗದ್ದೆಗಳು. ಈ ಸೀಮೆಯಲ್ಲಿ ರೈತರ ತರಬೇತಿ ಎಂದರೆ ಇವತ್ತು ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಬಿಳಿ ಪರದೆ ಮತ್ತು ಒಂದು ಪಿಪಿಟಿ. ಶಾಲೆಯ ವಿಜ್ಞಾನ ಪಾಠಕ್ಕೂ ಬ್ಯಾಂಕಿನವರ ಸಾಲದ ತಿಳಿವಳಿಕೆಗೂ ಮೇಷ್ಟ್ರ ನಿವೃತ್ತಿ ಸಮಾರಂಭಕ್ಕೂ ಅದೇ ಸಾಮಗ್ರಿ. ಅದರಲ್ಲಿ ಅಕ್ಷರಕ್ಕಿಂತ ಹೆಚ್ಚು ದುಡಿಯುವುದು ಫೋಟೊ. ಆ ಫೋಟೊ ಪರದೆಗೆ ಬಂದು ಸುಮ್ಮನೆ ನಿಲ್ಲಬೇಕೋ, ಅಥವಾ ಹಿಗ್ಗುತ್ತ, ಸರಿಯುತ್ತ, ಒಂದು ಇನ್ನೊಂದಾಗುತ್ತ ಚಲಿಸಬೇಕೋ? ಕೇಳಲು ಸಣ್ಣ ಪ್ರಶ್ನೆ. ಆದರೆ ಪಿಪಿಟಿ ಮಾಡುವವರನ್ನೂ ನೋಡುವವರನ್ನೂ ಅದು ಎರಡು ಪಂಗಡ ಮಾಡಿಬಿಡುತ್ತದೆ.

ಒಂದು ಪಂಗಡದವರ ಮಾತು ಇದು: ಮಧ್ಯಾಹ್ನದ ಊಟವಾದ ಮೇಲೆ ಕತ್ತಲೆ ಮಾಡಿದ ಕೋಣೆಯಲ್ಲಿ ನಿಂತ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿದರೆ ಯಾರಿಗಾದರೂ ತೂಕಡಿಕೆ ಬರುತ್ತದೆ, ಚಿತ್ರ ಚಲಿಸಿದರೆ ಕಣ್ಣು ಹಿಂದೆ ಹೋಗುತ್ತದೆ, ಕಣ್ಣು ಹೋದಲ್ಲಿ ಮನಸ್ಸು ಹೋಗುತ್ತದೆ. ಇನ್ನೊಂದು ಪಂಗಡದವರು ಒಪ್ಪುವುದಿಲ್ಲ. ಫೋಟೊ ಗಿರಕಿ ಹೊಡೆದು ಬಂದರೆ ಜನ ಗಿರಕಿಯನ್ನು ನೆನಪಿಡುತ್ತಾರೆ, ಫೋಟೊದಲ್ಲಿನ ಹುಳುವನ್ನು ಮರೆಯುತ್ತಾರೆ ಎನ್ನುತ್ತಾರೆ. ಎರಡೂ ಮಾತು ಅನುಭವದಿಂದ ಬಂದವೇ. ಹಾಗಾಗಿ ಒಂದನ್ನು ಎತ್ತಿ ಇನ್ನೊಂದನ್ನು ಬೀಳಿಸುವುದರ ಬದಲು ಯಾವ ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡುವುದು ಲೇಸು.

ಈ ಚಲನೆ ಬಂದ ದಾರಿ

ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನ್ನಿಸ್ ಆಸ್ಟಿನ್ ಅದನ್ನು ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ರೂಪಿಸಿದರು. ಅದೇ ವರ್ಷ ಮೈಕ್ರೊಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡಿತು. ಮೊದಲ ಆವೃತ್ತಿಯ ಕೆಲಸ ಓವರ್‌ಹೆಡ್ ಪ್ರೊಜೆಕ್ಟರಿನ ಮೇಲೆ ಇಡುವ ಕಪ್ಪು-ಬಿಳುಪು ಹಾಳೆಗಳನ್ನು ತಯಾರಿಸುವುದಷ್ಟೆ. ಅಂದರೆ ಚಲನೆ ಈ ಸಾಧನದ ಹುಟ್ಟುಗುಣವಲ್ಲ, ನಂತರ ಸೇರಿದ್ದು.

ನಿಂತ ಫೋಟೊವನ್ನು ಚಲಿಸುವಂತೆ ತೋರಿಸುವ ವಿದ್ಯೆ ಬಂದದ್ದು ಸಿನಿಮಾದಿಂದ. ಕೆನಡಾದ ರಾಷ್ಟ್ರೀಯ ಚಿತ್ರಮಂಡಳಿಗಾಗಿ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ 1957ರಲ್ಲಿ ‘ಸಿಟಿ ಆಫ್ ಗೋಲ್ಡ್’ ಎಂಬ ಸಾಕ್ಷ್ಯಚಿತ್ರ ತೆಗೆದರು. ಚಿನ್ನದ ಆಸೆಗೆ ಜನ ಮುಗಿಬಿದ್ದಿದ್ದ ಡಾಸನ್ ಪಟ್ಟಣದ ಹಳೆಯ ಫೋಟೊಗಳ ಮೇಲೆ ಕ್ಯಾಮೆರಾವನ್ನು ನಿಧಾನವಾಗಿ ಜಾರಿಸಿ, ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಒಯ್ದು, ಸತ್ತುಹೋದ ಪಟ್ಟಣಕ್ಕೆ ಜೀವ ತಂದರು. ಹಟ್ಟಿ ಗಣಿಯ ನೆರೆಯಲ್ಲಿ ಬದುಕುವ ಲಿಂಗಸುಗೂರಿನವರಿಗೆ ಚಿನ್ನದ ಊರಿನ ಈ ಕಥೆ ತೀರ ದೂರದ್ದು ಅನಿಸಲಿಕ್ಕಿಲ್ಲ. ಅಮೆರಿಕದ ಕೆನ್ ಬರ್ನ್ಸ್ ಇದೇ ವಿಧಾನವನ್ನು 1990ರ ‘ದಿ ಸಿವಿಲ್ ವಾರ್’ ಸರಣಿಯಲ್ಲಿ ಎಷ್ಟು ಬಳಸಿದರೆಂದರೆ, ಆ್ಯಪಲ್ ಕಂಪನಿ ತನ್ನ ವಿಡಿಯೊ ತಂತ್ರಾಂಶ ಐಮೂವಿಯಲ್ಲಿ ಈ ಪರಿಣಾಮಕ್ಕೆ ಅವರ ಹೆಸರನ್ನೇ ಇಟ್ಟಿತು. ಪವರ್‌ಪಾಯಿಂಟಿನಂಥದೇ ಆ್ಯಪಲ್ ತಂತ್ರಾಂಶ ಕೀನೋಟ್‌ನಲ್ಲಿ 2009ರಲ್ಲಿ ‘ಮ್ಯಾಜಿಕ್ ಮೂವ್’ ಬಂತು, 2015ರ ಕೊನೆಗೆ ಪವರ್‌ಪಾಯಿಂಟಿನಲ್ಲಿ ‘ಮಾರ್ಫ್’ ಬಂತು. ಒಂದು ಸ್ಲೈಡನ್ನು ನಕಲು ಮಾಡಿ, ನಕಲಿನಲ್ಲಿ ಅದೇ ಫೋಟೊವನ್ನು ದೊಡ್ಡದು ಮಾಡಿ ಬೇಕಾದ ಕಡೆಗೆ ಸರಿಸಿಟ್ಟು ಮಾರ್ಫ್ ಹಚ್ಚಿದರೆ ಸಾಕು, ನಡುವಿನ ಚಲನೆಯನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಚಿತ್ರಮಂಡಳಿಯವರು ಕ್ಯಾಮೆರಾ ಕಟ್ಟಿ ಮಾಡಿದ್ದನ್ನು ಈಗ ರೈತ ಸಂಪರ್ಕ ಕೇಂದ್ರದ ಹುಡುಗ ಚಹಾ ಆರುವುದರೊಳಗೆ ಮಾಡಿ ಮುಗಿಸುತ್ತಾನೆ.

ಪರದೆಯ ಮೇಲೆ ಚಲಿಸುವ ಚಿತ್ರ ನಮ್ಮ ಭಾಗಕ್ಕೆ ಹೊಸದೇನಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ತೊಗಲುಗೊಂಬೆಯಾಟದಲ್ಲಿ ಎರಡೂ ಬಗೆಯ ಚಿತ್ರಗಳಿವೆ. ಕೈಕಾಲು ಆಡುವ ಬಿಡಿ ಗೊಂಬೆಗಳು ಒಂದು ಬಗೆ; ಇಡೀ ಒಡ್ಡೋಲಗವನ್ನೋ ರಥವನ್ನೋ ಒಂದೇ ತೊಗಲಿನಲ್ಲಿ ಕೊರೆದ, ಯಾವ ಕೀಲೂ ಇಲ್ಲದ ದೊಡ್ಡ ಗೊಂಬೆಗಳು ಇನ್ನೊಂದು ಬಗೆ. ಯುದ್ಧಕ್ಕೆ ಮೊದಲನೆಯದು, ಸಭೆಗೆ ಎರಡನೆಯದು. ಸಭೆಯ ಚಿತ್ರ ಪರದೆಗೆ ಆನಿಸಿ ನಿಂತಿರುತ್ತದೆ. ಓಡುವುದು ಕಲಾವಿದನ ಹಾಡು ಮತ್ತು ಮಾತು. ಎಲ್ಲಿ ಚಲನೆ ಬೇಕು, ಎಲ್ಲಿ ಬೇಡ ಎಂಬ ತೀರ್ಮಾನವನ್ನು ಆ ಕಲಾವಿದರು ತೊಗಲು ಕತ್ತರಿಸುವಾಗಲೇ ಮಾಡಿಕೊಂಡಿದ್ದರು.

ಕೃಷಿ ಪಾಠ ಪರದೆಗೆ ಏರಿದ್ದೂ ಇಲ್ಲಿ ಬಹಳ ಮುಂಚೆಯೇ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಕರ್ನಾಟಕದಿಂದ ಆರಿಸಿಕೊಂಡದ್ದು ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿನ ಮನೆಗಳಿಗೆ ಟಿ.ವಿ. ಬರುವ ಮೊದಲೇ ಈ ಜಿಲ್ಲೆಗಳ ಹಳ್ಳಿಯವರು ಸಾಮುದಾಯಿಕ ಟಿ.ವಿ. ಮುಂದೆ ಕುಳಿತು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡಿದ್ದರು. ಹಳ್ಳಿಯ ಜನಕ್ಕೆ ಚಲಿಸುವ ಚಿತ್ರ ಅರಗುವುದಿಲ್ಲ ಎನ್ನುವ ವಾದ ಅರ್ಧ ಶತಮಾನದ ಹಿಂದೆಯೇ ಬಿದ್ದುಹೋಗಿದೆ.

ಚಲಿಸಲಿ ಎನ್ನುವವರ ಕಡೆಯಿಂದ

ಇವರ ಬಲವಾದ ಸಾಕ್ಷಿ ಭತ್ತದ ಗದ್ದೆಯಲ್ಲೇ ಇದೆ. ಕಂದು ಜಿಗಿಹುಳುವಿನ ಕಾಟ ಹೆಚ್ಚಿದ ಗದ್ದೆ ದೂರದಿಂದ ನೋಡಿದರೆ ಅಲ್ಲಲ್ಲಿ ದುಂಡಗೆ ಸುಟ್ಟಂತೆ ಕಾಣುತ್ತದೆ. ಆದರೆ ಹುಳು ಇರುವುದು ಕಣ್ಣಿಗೆ ಬೀಳುವ ಎಲೆಯ ಮೇಲಲ್ಲ. ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೆಂಡೆಗಳ ಸಂದಿಯಲ್ಲಿ ಕುಳಿತು ರಸ ಹೀರುತ್ತಿರುತ್ತದೆ. ಬರೀ ಮೇಲಿನಿಂದ ಔಷಧ ಹೊಡೆದರೆ ಎಲೆ ತೋಯುತ್ತದೆ, ಹುಳು ಹಾಗೇ ಉಳಿಯುತ್ತದೆ. ಇಲ್ಲಿ ರೈತನಿಗೆ ತಿಳಿಯಬೇಕಾದದ್ದು ಹುಳುವಿನ ಹೆಸರಿಗಿಂತ ಹೆಚ್ಚಾಗಿ ಅದು ಇರುವ ಜಾಗ. ಇಡೀ ಗದ್ದೆಯ ಫೋಟೊ ತೋರಿಸಿ, ಸುಟ್ಟ ತೇಪೆಯತ್ತ ನಿಧಾನವಾಗಿ ಹತ್ತಿರ ಹೋಗಿ, ತೇಪೆಯ ಅಂಚಿನ ಒಂದು ಗುಣಿಗೆ ಇಳಿದು, ಕೊನೆಗೆ ಅದರ ಬುಡಕ್ಕೆ ಬಂದು ನಿಂತರೆ ಆ ಜಾಗ ತಲೆಯಲ್ಲಿ ಕೂರುತ್ತದೆ. ಇದೇ ನಾಲ್ಕು ಫೋಟೊಗಳನ್ನು ಬಿಡಿಬಿಡಿಯಾಗಿ ತೋರಿಸಿದರೆ, ಕೊನೆಯ ಫೋಟೊದಲ್ಲಿನ ಕಡ್ಡಿಗಳ ಗುಂಪು ಮೊದಲನೆಯ ಗದ್ದೆಯ ಯಾವ ಭಾಗ ಎಂದು ನೋಡುವವರೇ ಜೋಡಿಸಿಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅದು ಆಗದಿದ್ದರೆ ತಪ್ಪು ಅವರದಲ್ಲ.

ಎರಡನೆಯ ಕಾರಣ ಭಾಷೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ವಲಸೆ ಬಂದು ನೆಲೆಸಿದ ತೆಲುಗು ಕುಟುಂಬಗಳ ಕ್ಯಾಂಪುಗಳು ಈ ಭಾಗದ ತುಂಬ ಇವೆ. ಸಿಂಧನೂರಿನ ಹತ್ತಿರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಕಟ್ಟಿಕೊಟ್ಟ ಪುನರ್ವಸತಿ ಕ್ಯಾಂಪುಗಳಿವೆ. ಹೀಗೆ ಒಂದೇ ತರಬೇತಿಯಲ್ಲಿ ಕನ್ನಡ, ತೆಲುಗು, ಬಂಗಾಳಿ ಮನೆಮಾತಿನವರು ಪಕ್ಕಪಕ್ಕ ಕೂರಬಹುದು. ಅದರ ಮೇಲೆ, 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ಕ್ಕಿಂತ ತುಸು ಕಡಿಮೆ. ಸ್ಲೈಡಿನಲ್ಲಿ ಬರೆದ ಏಳೆಂಟು ಸಾಲು ಎಷ್ಟು ಜನಕ್ಕೆ ತಲುಪೀತು? ಫೋಟೊದ ಮೇಲೆ ಬಂದು ಬುಡವನ್ನು ಸುತ್ತುವ ಒಂದು ಕೆಂಪು ವೃತ್ತ ಎಲ್ಲ ಮನೆಮಾತಿನವರಿಗೂ ಒಂದೇ.

ಮೂರನೆಯದು ಕ್ರಮ. ಒಂದಾದ ಮೇಲೊಂದು ನಡೆಯುವ ಸಂಗತಿಯನ್ನು ನಿಂತ ಚಿತ್ರ ಹೇಳುವುದು ಕಷ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಈ ಭಾಗದ ಪ್ರತಿ ಮನೆಯಲ್ಲೂ ಆತಂಕ. ಒಂದು ಗೇಟು ಹೋಗಿದ್ದಕ್ಕೆ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟದ್ದೇಕೆ ಎಂದು ಕೇಳದವರಿಲ್ಲ. ನೀರು ಹೋಗುತ್ತಿರುವ ಫೋಟೊ ಎಲ್ಲರ ಮೊಬೈಲಿನಲ್ಲೂ ಇತ್ತು, ಉತ್ತರ ಅದರಲ್ಲಿರಲಿಲ್ಲ. ಒಂದೇ ಕಡೆ ಬೀಳುವ ಒತ್ತಡವನ್ನು ಹಂಚುವುದು, ಮಟ್ಟ ಇಳಿಸುವುದು, ಆಮೇಲೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚುವುದು: ಈ ಮೂರು ಹೆಜ್ಜೆಗಳನ್ನು ಅದೇ ಅಣೆಕಟ್ಟೆಯ ಒಂದು ಫೋಟೊದ ಮೇಲೆ ಒಂದೊಂದಾಗಿ ಮೂಡಿಸಿ ತೋರಿಸಿದರೆ ಐದು ನಿಮಿಷದಲ್ಲಿ ಹೈಸ್ಕೂಲು ಹುಡುಗನಿಗೂ ತಿಳಿಯುತ್ತದೆ.

ಸಂಶೋಧನೆಯ ಬೆಂಬಲವೂ ಈ ಪಂಗಡಕ್ಕಿದೆ. ಜರ್ಮನಿಯ ಟಿಮ್ ಹೋಫ್ಲರ್ ಮತ್ತು ಡೆಟ್ಲೆಫ್ ಲ್ಯೂಟ್ನರ್ 2007ರಲ್ಲಿ 26 ಅಧ್ಯಯನಗಳ 76 ಹೋಲಿಕೆಗಳನ್ನು ಒಟ್ಟುಗೂಡಿಸಿ ನೋಡಿದರು. ಕಲಿಕೆಯಲ್ಲಿ ಚಲಿಸುವ ಚಿತ್ರ ನಿಂತ ಚಿತ್ರಕ್ಕಿಂತ ಒಟ್ಟಾರೆ ಮುಂದಿತ್ತು. ಕೈಯಿಂದ ಮಾಡುವ ಕೆಲಸವನ್ನು ಕಲಿಸುವಾಗ ಅಂತರ ಇನ್ನೂ ದೊಡ್ಡದಾಗಿತ್ತು. ನಾಟಿ ಯಂತ್ರಕ್ಕೆ ಸಸಿ ಚಾಪೆ ಕೂರಿಸುವುದು, ಸ್ಪ್ರೇಯರಿನ ನಾಜಲ್ ಬದಲಿಸುವುದು ಇದೇ ಜಾತಿಯ ಕೆಲಸಗಳು.

ನಿಲ್ಲಲಿ ಎನ್ನುವವರ ಕಡೆಯಿಂದ

ಆದರೆ ಅದೇ ಅಧ್ಯಯನವನ್ನು ಈ ಪಂಗಡದವರೂ ಕೈಗೆತ್ತಿಕೊಳ್ಳಬಹುದು. ಚಲನೆಯೇ ಕಲಿಯಬೇಕಾದ ವಿಷಯವಾಗಿದ್ದಾಗ ಲಾಭ ಕಂಡಿತು. ಬರೀ ಅಲಂಕಾರಕ್ಕೆ ಚಿತ್ರ ಚಲಿಸಿದಾಗ ಕಾಣಲಿಲ್ಲ. ಅದಕ್ಕೂ ಮೊದಲು, 2002ರಲ್ಲಿ, ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು ಇನ್ನೂ ಖಾರವಾದ ಪ್ರಶ್ನೆ ಎತ್ತಿದ್ದರು. ಚಲಿಸುವ ಚಿತ್ರ ಗೆದ್ದಿತೆಂದು ಹೇಳುವ ಅನೇಕ ಪ್ರಯೋಗಗಳಲ್ಲಿ ಆ ಚಿತ್ರದೊಳಗೆ ನಿಂತ ಚಿತ್ರಕ್ಕಿಂತ ಹೆಚ್ಚಿನ ಮಾಹಿತಿಯನ್ನೇ ತುಂಬಿರಲಿಲ್ಲವೇ, ಹಾಗಾದರೆ ಗೆದ್ದದ್ದು ಚಲನೆಯೋ ಮಾಹಿತಿಯೋ ಎಂಬುದು ಅವರ ಪ್ರಶ್ನೆ. 2005ರಲ್ಲಿ ರಿಚರ್ಡ್ ಮೇಯರ್ ಮತ್ತವರ ತಂಡ ಮಿಂಚು, ಶೌಚಾಲಯದ ಫ್ಲಶ್ ಟ್ಯಾಂಕು, ಸಮುದ್ರದ ಅಲೆ, ವಾಹನದ ಬ್ರೇಕು ಹೀಗೆ ನಾಲ್ಕು ವಿಷಯಗಳನ್ನು ಎರಡು ರೀತಿ ಕಲಿಸಿ ನೋಡಿತು. ಕಾಗದದ ಮೇಲಿನ ನಿಂತ ಚಿತ್ರ ಮತ್ತು ಬರಹದಿಂದ ಕಲಿತವರು ವಿವರಣೆಯೊಂದಿಗೆ ಚಲಿಸುವ ಚಿತ್ರ ನೋಡಿದವರಿಗಿಂತ ಹಿಂದೆ ಬೀಳಲಿಲ್ಲ. ಕೆಲವು ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು. ನಿಂತ ಚಿತ್ರ ನೋಡುವವನು ನಡುವಿನ ಚಲನೆಯನ್ನು ತಾನೇ ಊಹಿಸಿಕೊಳ್ಳಬೇಕು. ಆ ದುಡಿಮೆಯೇ ಅವನಿಗೆ ಪಾಠ.

ಗದ್ದೆಯ ಉದಾಹರಣೆ ಈ ಕಡೆಗೂ ಇದೆ. ಬೆಂಕಿ ರೋಗದ ಚುಕ್ಕೆ ಎರಡೂ ತುದಿ ಚೂಪಾಗಿ, ನಡುವೆ ಬೂದು ಬಣ್ಣಕ್ಕಿರುತ್ತದೆ. ಕಂದು ಚುಕ್ಕೆ ರೋಗದ್ದು ಎಳ್ಳಿನ ಆಕಾರಕ್ಕೆ ಹತ್ತಿರ. ಎರಡಕ್ಕೂ ಕಾರಣ ಬೇರೆ, ಮಾಡಬೇಕಾದ ಉಪಾಯ ಬೇರೆ. ಇಲ್ಲಿ ರೈತ ಮಾಡಬೇಕಾದದ್ದು ಹೋಲಿಕೆ. ಹೋಲಿಸಲು ಎರಡೂ ಎಲೆ ಏಕಕಾಲಕ್ಕೆ, ಒಂದೇ ಅಳತೆಯಲ್ಲಿ, ಅಲುಗಾಡದೆ ಕಣ್ಣೆದುರು ಇರಬೇಕು. ಒಂದು ಕರಗಿ ಇನ್ನೊಂದು ಮೂಡಿದರೆ ಮೊದಲನೆಯದನ್ನು ನೆನಪಿನಲ್ಲಿ ಹಿಡಿದು ಎರಡನೆಯದನ್ನು ನೋಡಬೇಕಾಗುತ್ತದೆ. ಆಗಲೇ ಹಿಂದಿನ ಸಾಲಿನಿಂದ ಮಾತು ಬರುತ್ತದೆ: ‘ಸರ, ಒಂಚೂರು ನಿಲ್ಲಸ್ರಿ, ಹಿಂದಿಂದು ಇನ್ನೊಮ್ಮಿ ತೋರಸ್ರಿ.’ ಎಷ್ಟೋ ಕಡೆ ಆ ಮಾತು ಬಾಯಿಗೆ ಬಾರದೆ ಮನಸ್ಸಿನಲ್ಲೇ ಉಳಿಯುತ್ತದೆ. ಪರದೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಇನ್ನೊಂದು ಆಕ್ಷೇಪ ನಿಜ-ಸುಳ್ಳಿನದು, ತೂಕದ್ದೂ ಹೌದು. ಹಳದಿ ಬಿದ್ದ ಗದ್ದೆಯ ಫೋಟೊ ಮಾರ್ಫ್ ಆಗಿ ಹಸಿರು ಗದ್ದೆಯಾಗುತ್ತದೆ, ಪಕ್ಕದಲ್ಲಿ ಒಂದು ಟಾನಿಕ್ ಬಾಟಲಿಯ ಚಿತ್ರ. ನೋಡಿದವನ ಕಣ್ಣಿಗೆ ಇದು ಒಂದೇ ಗದ್ದೆ, ಬದಲಾಗಿದ್ದು ಬಾಟಲಿಯಿಂದ. ಎರಡು ಫೋಟೊ ಬೇರೆ ಬೇರೆ ಊರಿನವು ಇರಬಹುದು. ಒಂದೇ ಗದ್ದೆಯದಾದರೂ ನಡುವೆ ಮಳೆ ಬಂದಿರಬಹುದು, ಯೂರಿಯಾ ಹಾಕಿರಬಹುದು. ಚಲನೆ ಆ ಅಂತರವನ್ನು ಮುಚ್ಚಿ, ಯಾರೂ ನೋಡದ ಬದಲಾವಣೆಯೊಂದನ್ನು ನೋಡಿದಂತೆ ಮಾಡುತ್ತದೆ. ನಿಂತ ಎರಡು ಫೋಟೊಗಳಿಂದಲೂ ಸುಳ್ಳು ಹೇಳಬಹುದಲ್ಲ ಎಂದು ಮೊದಲ ಪಂಗಡದವರು ಕೇಳಿದರೆ, ಹೇಳಬಹುದು ನಿಜ. ಆದರೆ ಅಕ್ಕಪಕ್ಕ ನಿಂತ ಫೋಟೊಗಳ ನಡುವೆ ಒಂದು ಗೆರೆ ಕಾಣುತ್ತದೆ. ಅನುಮಾನ ಹುಟ್ಟಲು ಅಷ್ಟು ಜಾಗ ಸಾಕು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಭಯ ಹೆಚ್ಚಿದೆ. 2021ರಲ್ಲಿ ಮೈಹೆರಿಟೇಜ್ ಕಂಪನಿ ‘ಡೀಪ್ ನಾಸ್ಟಾಲ್ಜಿಯಾ’ ಎಂಬ ಸೌಲಭ್ಯ ತಂದು ಹಳೆಯ ಫೋಟೊದಲ್ಲಿನ ಮುಖ ಕಣ್ಣು ಮಿಟುಕಿಸಿ ತಲೆ ಹೊರಳಿಸುವಂತೆ ಮಾಡಿತು. ಈಗ ಅಂಥ ಸಾಧನ ಪ್ರತಿ ಮೊಬೈಲಿನಲ್ಲೂ ಸಿಗುತ್ತದೆ. ತೀರಿಹೋದ ಅಜ್ಜನ ಫೋಟೊ ನಗುವುದನ್ನು ಕಂಡು ಒಂದು ಮನೆಯವರು ಕಣ್ಣೀರು ಹಾಕಿ ಸಂತೋಷಪಡಬಹುದು. ಇನ್ನೊಂದು ಮನೆಯವರಿಗೆ ಅದೇ ದೃಶ್ಯ ಅಜ್ಜ ಎಂದೂ ನಗದಿದ್ದ ನಗೆಯಾಗಿ ಕಸಿವಿಸಿ ತರಬಹುದು. ಅದು ಆ ಮನೆಯವರಿಗೆ ಬಿಟ್ಟದ್ದು. ಆದರೆ ಅದೇ ಸಾಧನದಿಂದ ನಿಂತ ಹುಳುವಿನ ಫೋಟೊವನ್ನು ನಡೆಯುವಂತೆ ಮಾಡಿ ತರಬೇತಿಯಲ್ಲಿ ತೋರಿಸಿದರೆ, ಆ ನಡಿಗೆ ಹುಳುವಿನದಲ್ಲ, ಯಂತ್ರದ ಊಹೆ. ಅಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ದಿನನಿತ್ಯದ ತೊಡಕುಗಳು. ತರಬೇತಿ ಮುಗಿದ ಮೇಲೆ ಪಿಪಿಟಿ ಪಿಡಿಎಫ್ ಆಗಿ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಪಿಡಿಎಫ್‌ನಲ್ಲಿ ಆ್ಯನಿಮೇಷನ್ ಸತ್ತುಹೋಗುತ್ತದೆ. ಒಂದೇ ಸ್ಲೈಡಿನಲ್ಲಿ ಒಂದರ ಮೇಲೊಂದು ಪೇರಿಸಿದ್ದ ಫೋಟೊಗಳಲ್ಲಿ ಮೇಲಿನದಷ್ಟೇ ಕಾಣುತ್ತದೆ. ಮಾರ್ಫ್ ಇಲ್ಲದ ಹಳೆಯ ಪವರ್‌ಪಾಯಿಂಟ್ ಸಿಕ್ಕರೆ ಝೂಮ್ ಬದಲು ಸಾದಾ ಫೇಡ್ ಬರುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಕನ್ನಡ ಬೇರೆಯವರ ಲ್ಯಾಪ್‌ಟಾಪಿನಲ್ಲಿ ಚಿತ್ರಲಿಪಿಯಾಗುವ ಕಾಟ ಮೊದಲೇ ಇತ್ತು, ಅದರ ಜೊತೆಗೆ ಇದೊಂದು. ವಾಟ್ಸ್‌ಆ್ಯಪಿನಲ್ಲಿ ಬಂದ, ಕುಗ್ಗಿಹೋದ ಫೋಟೊವನ್ನೇ ಹಿಗ್ಗಿಸಿದರೆ ಪರದೆಯ ಮೇಲೆ ಹುಳುವಿನ ಬದಲು ಮಬ್ಬು ಚೌಕಗಳು ಕಾಣುತ್ತವೆ. ರಭಸದ ಝೂಮ್ ಕೆಲವರಿಗೆ ತಲೆಸುತ್ತು ತರುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಯಾವುದೂ ಮಿನುಗಬಾರದು ಎಂದು ಅಂತರಜಾಲ ಪುಟಗಳಿಗೆ ಇರುವ ಮಾರ್ಗಸೂಚಿ ಸಭೆಯ ಪರದೆಗೂ ಸಲ್ಲುವಂಥದು.

ಮಸ್ಕಿಯ ಬಂಡೆಯ ಮುಂದೆ ಎರಡೂ ವಾದ

ಎರಡು ವಾದಗಳನ್ನೂ ಒಂದೇ ಫೋಟೊದ ಮೇಲೆ ಇಟ್ಟು ನೋಡಲು ಮಸ್ಕಿ ಒಳ್ಳೆಯ ಜಾಗ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಇಲ್ಲಿನ ಬಂಡೆಯ ಶಾಸನದಲ್ಲಿ ‘ದೇವಾನಂಪಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ಬಿರುದು. ಅದು ಅಶೋಕನದೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಇಲ್ಲಿ ದೊರೆಯಿತು. ಆಮೇಲೆ ದಢೇಸುಗೂರಿನಿಂದ ಹೊಳೆಯಾಚೆಗಿನ ಸಿರುಗುಪ್ಪ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲೂ ಅಶೋಕನ ಹೆಸರಿರುವ ಶಾಸನಗಳು ಸಿಕ್ಕವು.

ಮಸ್ಕಿಯ ಬಂಡೆಯ ಫೋಟೊವನ್ನು ಹಾಗೇ ತೋರಿಸಿದರೆ ಎಂಟನೇ ತರಗತಿಯ ಮಗುವಿಗೆ ಒರಟು ಕಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಸವೆದ ಬ್ರಾಹ್ಮೀ ಅಕ್ಷರ ಪಳಗಿದ ಕಣ್ಣಿಗೂ ಸುಲಭವಾಗಿ ಸಿಗದು. ಮೊದಲ ಸಾಲಿಗೆ ಝೂಮ್ ಮಾಡಿ, ಅಕ್ಷರಗಳ ಗೀರಿನ ಮೇಲೆ ಎಡದಿಂದ ಬಲಕ್ಕೆ ಬಣ್ಣದ ಗೆರೆ ಮೂಡಿಸುತ್ತ ಹೋದರೆ ಹೆಸರು ಕಣ್ಣೆದುರೇ ಬಿಡಿಸಿಕೊಳ್ಳುತ್ತದೆ. ಓದುವ ದಿಕ್ಕೂ ಕ್ರಮವೂ ಆ ಚಲನೆಯಲ್ಲೇ ಸೇರಿವೆ. ಮೊದಲ ಪಂಗಡ ಇಲ್ಲಿ ಗೆಲ್ಲುತ್ತದೆ.

ಅಲ್ಲಿಗೇ ಬಿಟ್ಟರೆ ಮಾತ್ರ ಎರಡನೆಯ ಪಂಗಡ ತಡೆಯುತ್ತದೆ, ತಡೆಯಬೇಕು ಕೂಡ. ಬಣ್ಣದ ಗೆರೆ ಎಳೆದದ್ದು ಪಿಪಿಟಿ ಮಾಡಿದ ಮೇಷ್ಟ್ರು. ಕಲ್ಲಿನಲ್ಲಿ ಉಳಿದದ್ದು ಎಷ್ಟು, ವಿದ್ವಾಂಸರು ಓದಿ ತುಂಬಿದ್ದು ಎಷ್ಟು ಎಂಬ ವ್ಯತ್ಯಾಸ ಆ ಗೆರೆಯಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಕೊನೆಗೆ ಬಣ್ಣ ತೆಗೆದು, ಬರೀ ಬಂಡೆಯ ಫೋಟೊವನ್ನು ಮತ್ತೆ ನಿಲ್ಲಿಸಿ, ‘ಈಗ ನೀವೇ ಹುಡುಕ್ರಿ’ ಎಂದು ಮಕ್ಕಳಿಗೆ ಬಿಡಬೇಕು. ಚಲನೆ ತೋರಿಸಿದ್ದನ್ನು ನಿಂತ ಚಿತ್ರದಲ್ಲಿ ಮಗು ತಾನೇ ಕಂಡುಕೊಂಡಾಗ ಪಾಠ ಮುಗಿಯುತ್ತದೆ. ಒಂದು ಇನ್ನೊಂದರ ಎದುರಾಳಿ ಎಂದುಕೊಂಡಿದ್ದು ಇಲ್ಲಿ ಒಂದರ ಮುಂದಿನ ಹೆಜ್ಜೆ ಇನ್ನೊಂದು ಎಂದಾಗುತ್ತದೆ.

ತೂಗಿದ ಮೇಲೆ

ಹಾಗಾದರೆ ‘ಎರಡೂ ಸರಿ’ ಎಂದು ಕೈತೊಳೆದುಕೊಳ್ಳಬೇಕೆ? ಬೇಕಿಲ್ಲ. ಎರಡು ಪಂಗಡಗಳ ಒಳ್ಳೆಯ ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಭೇದ ತಾನಾಗಿ ಕಾಣುತ್ತದೆ. ಚಲನೆ ಗೆದ್ದ ಕಡೆಯಲ್ಲೆಲ್ಲ ನೋಡುವವರ ಪ್ರಶ್ನೆ ‘ಎಲ್ಲಿ?’ ಅಥವಾ ‘ಯಾವುದಾದ ಮೇಲೆ ಯಾವುದು?’ ಎಂಬುದಾಗಿತ್ತು: ಹುಳು ಎಲ್ಲಿದೆ, ಗೇಟು ಹೋದ ಮೇಲೆ ಏನು ಮಾಡಿದರು, ಯಾವ ಅಕ್ಷರದಿಂದ ಓದಬೇಕು. ನಿಂತ ಚಿತ್ರ ಗೆದ್ದ ಕಡೆಯಲ್ಲೆಲ್ಲ ಪ್ರಶ್ನೆ ‘ಯಾವುದು?’ ಅಥವಾ ‘ನಿಜವೇ?’ ಎಂಬುದಾಗಿತ್ತು: ಯಾವ ರೋಗದ ಚುಕ್ಕೆ ಇದು, ಈ ಎರಡು ಗದ್ದೆ ಒಂದೇನಾ. ಜಾಗ ಮತ್ತು ಕ್ರಮ ತೋರಿಸಲು ಚಲನೆ. ಗುರುತಿಸಲು ಮತ್ತು ಪರೀಕ್ಷಿಸಲು ನಿಲುಗಡೆ. ಈ ಎರಡರಲ್ಲಿ ಯಾವುದಕ್ಕೂ ಸೇರದ ಚಲನೆ, ಅಂದರೆ ಫೋಟೊ ಪುಟಿಯುತ್ತ ಬರುವುದು, ತಿರುಗುತ್ತ ಹೋಗುವುದು, ಚೂರುಚೂರಾಗಿ ಒಡೆಯುವುದು, ತರಬೇತಿಯ ಪಿಪಿಟಿಯಲ್ಲಿ ಇಲ್ಲದಿದ್ದರೆ ನಷ್ಟವಿಲ್ಲ. ಮೇಷ್ಟ್ರ ನಿವೃತ್ತಿ ಸಮಾರಂಭದಲ್ಲಿ ಇದ್ದರೆ ಇರಲಿ. ಅಲ್ಲಿ ಕಲಿಸುವುದೇನಿಲ್ಲ, ನಲಿಯುವುದಿದೆ.

ಇನ್ನೊಂದು ಪಾಠ ಕರ್ನಾಟಕದ್ದೇ ಆದ ಅನುಭವದಿಂದ ಬರುತ್ತದೆ. 2006ರಲ್ಲಿ ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ‘ಡಿಜಿಟಲ್ ಗ್ರೀನ್’ ರಾಜ್ಯದ ಹಳ್ಳಿಗಳಲ್ಲಿ ರೈತರ ಕೈಯಲ್ಲೇ ವಿಡಿಯೊ ಮಾಡಿಸಿ ರೈತರಿಗೇ ತೋರಿಸಿತು. ಮಾಮೂಲಿ ವಿಸ್ತರಣಾ ಕೆಲಸಕ್ಕಿಂತ ಇದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಟ್ಟಿತೆಂದು ಅದನ್ನು ರೂಪಿಸಿದವರು ವರದಿ ಮಾಡಿದರು. ಚಲಿಸುವ ಚಿತ್ರದ ಗೆಲುವು ಎನ್ನೋಣವೇ? ಅದರ ಕ್ರಮ ನೋಡಿದರೆ ಹಾಗನ್ನಲಾಗದು. ಪ್ರತಿ ಪ್ರದರ್ಶನದಲ್ಲಿ ಊರಿನದೇ ಒಬ್ಬ ವ್ಯಕ್ತಿ ನಡುನಡುವೆ ವಿಡಿಯೊ ನಿಲ್ಲಿಸಿ, ಪ್ರಶ್ನೆ ಕೇಳಿ, ಕೇಳಿದ್ದಕ್ಕೆ ಉತ್ತರಿಸಿ ಮುಂದೆ ಹೋಗುತ್ತಿದ್ದರು. ಓಡಿಸುವುದೂ ನಿಲ್ಲಿಸುವುದೂ ಒಬ್ಬ ಮನುಷ್ಯನ ಕೈಯಲ್ಲಿತ್ತು.

ಪಿಪಿಟಿಗೆ ಇದನ್ನು ತಂದರೆ ಕೆಲಸ ಹಗುರ. ಆ್ಯನಿಮೇಷನ್ ತಾನಾಗಿ ಓಡುವಂತೆ ಇಡದೆ ಕ್ಲಿಕ್ ಮಾಡಿದಾಗ ಮಾತ್ರ ಮುಂದೆ ಹೋಗುವಂತೆ ಇಡುವುದು. ಝೂಮ್ ಮುಗಿದ ಮೇಲೆ ಫೋಟೊ ಅಲುಗದೆ ನಿಂತಿರುವಂತೆ ನೋಡಿಕೊಂಡು, ಯಾರಾದರೂ ಏನಾದರೂ ಕೇಳುವವರೆಗೆ ಕಾಯುವುದು. ಒಂದೇ ಸ್ಲೈಡಿನಲ್ಲಿ ಫೋಟೊಗಳನ್ನು ಪೇರಿಸುವ ಬದಲು ಎರಡು ಸ್ಲೈಡ್ ಮಾಡಿ ಮಾರ್ಫ್ ಹಚ್ಚುವುದು. ಆಗ ಪಿಡಿಎಫ್‌ನಲ್ಲೂ ಗದ್ದೆ ಒಂದು ಪುಟ, ಬುಡ ಒಂದು ಪುಟ ಎಂದು ಎರಡೂ ಉಳಿಯುತ್ತವೆ, ಮಾರ್ಫ್ ಇಲ್ಲದ ಕಂಪ್ಯೂಟರಿನಲ್ಲೂ ಅರ್ಥ ಕೆಡುವುದಿಲ್ಲ. ಬದಲಾವಣೆ ತೋರಿಸುವ ಫೋಟೊಗಳಿಗೆ ಊರು, ತಾರೀಖು ಬರೆದು ಅಕ್ಕಪಕ್ಕ ನಿಲ್ಲಿಸುವುದು. ಅಂಥ ಕಡೆ ಮಾರ್ಫ್ ಬೇಡ. ಎಲೆಯ ಚುಕ್ಕೆಗಳ ಸ್ಲೈಡಿಗೂ ಯಾವ ಆಟವೂ ಬೇಡ.

ಇಷ್ಟೆಲ್ಲ ಆದ ಮೇಲೂ ಎರಡೂ ಪಂಗಡದವರು ಸೇರಿ ಒಪ್ಪಬೇಕಾದ ಒಂದು ಮಾತು ಉಳಿಯುತ್ತದೆ. ಪಿಪಿಟಿಯ ವಾದವ್ಯಾಜ್ಯವೆಲ್ಲ ಮೌಸು ಹಿಡಿದ ಮೇಲಿನದು. ಫೋಟೊದ ಯೋಗ್ಯತೆ ತೀರ್ಮಾನವಾಗುವುದು ಅದಕ್ಕೂ ಮೊದಲು, ಗದ್ದೆಯಲ್ಲಿ. ಅಂತರಜಾಲದಿಂದ ಇಳಿಸಿಕೊಂಡ ಯಾವುದೋ ದೇಶದ ಭತ್ತವನ್ನು ಎಷ್ಟು ಚೆಂದವಾಗಿ ಝೂಮ್ ಮಾಡಿದರೂ ಸಿಂಧನೂರಿನ ರೈತ ಅದರಲ್ಲಿ ತನ್ನ ಗದ್ದೆ ಕಾಣಲಾರ. ಕೆಸರಿಗಿಳಿದು, ಪೈರು ಸರಿಸಿ, ಮೊಬೈಲನ್ನು ನೀರಿನ ಹತ್ತಿರ ಹಿಡಿದು, ಹುಳು ಸ್ಪಷ್ಟವಾಗಿ ಬೀಳುವಂತೆ ತೆಗೆದು, ಕುಗ್ಗದಂತೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿಕೊಂಡ ಒಂದು ಫೋಟೊ ಇದ್ದರೆ, ಅದು ಓಡಿದರೂ ಕಲಿಸುತ್ತದೆ, ನಿಂತರೂ ಕಲಿಸುತ್ತದೆ. ಆ್ಯನಿಮೇಷನ್ ಕಲಿಸುವ ತರಬೇತಿಗಳಲ್ಲಿ ಅರ್ಧ ದಿನವನ್ನಾದರೂ ಅದಕ್ಕೆ ಮೀಸಲಿಡುವುದು ಒಳ್ಳೆಯದು. ಬುಡದ ಫೋಟೊನೇ ಇಲ್ಲದ ಪಿಪಿಟಿಯಲ್ಲಿ ಯಾವ ಝೂಮೂ ಬುಡ ತೋರಿಸದು.